ಹಾಗಲಕಾಯಿಯ ಮಹಜರು

ನಮ್ಮ ಚಿಕ್ಕಪ್ಪ ಸೌತೆಕಾಯಿ ಕೊಳ್ಳುವ ಮೊದಲು ಅದರ ಚಕ್ಕುಬಂದಿ ಕೇಳುತ್ತಾರೆ. ನಗಬೇಡಿ, ನಿಜ! ಜಮೀನು ಕೊಳ್ಳುವವರು ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ ಎಂದು ವಿಚಾರಿಸುವುದಿಲ್ಲವೇ? ಹಾಗೆಯೇ ಇವರು ಅಜ್ಜಂಪುರದ ಬಸ್ ನಿಲ್ದಾಣದ ಹತ್ತಿರ ಬುಟ್ಟಿ ಇಟ್ಟುಕೊಂಡ ಹೆಂಗಸಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಒಂದು ಎಳೆ ಸೌತೆಕಾಯಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಈ ಬಳ್ಳಿಗೆ ಪೂರ್ವಕ್ಕೆ ಏನೈತವ್ವ?" ಎಂದು ಶುರು ಮಾಡುತ್ತಾರೆ. ಪೂರ್ವಕ್ಕೆ ಬದನೆ ಸಾಲು, ಪಶ್ಚಿಮಕ್ಕೆ ಬಚ್ಚಲ ನೀರಿನ ಕಾಲುವೆ, ಉತ್ತರಕ್ಕೆ ದನದ ಕೊಟ್ಟಿಗೆ ಎಂದೆಲ್ಲ ಖಾತ್ರಿಯಾಗುವವರೆಗೆ ಚೀಲದ ಬಾಯಿ ತೆರೆಯುವುದಿಲ್ಲ. ಒಮ್ಮೆ ಆ ಹೆಂಗಸಿಗೆ ರೇಗಿಹೋಯಿತು. "ಸ್ವಾಮಿ, ಸೌತೆಕಾಯಿ ತಗೊಂತೀರೋ, ರಿಜಿಸ್ಟರ್ ಮಾಡಿಸ್ಕೊಂತೀರೋ?" ಎಂದು ಕೇಳಿಯೇಬಿಟ್ಟಳು. ಚಿಕ್ಕಪ್ಪ ಸಿಟ್ಟಾಗಲಿಲ್ಲ. "ದಕ್ಷಿಣಕ್ಕೇನೈತೆ ಅಂತ ಇನ್ನೂ ಹೇಳ್ಲಿಲ್ಲ ನೀನು" ಎಂದರು.

ಇದನ್ನೆಲ್ಲ ಬರೆಯುವುದಕ್ಕೆ ಅವರ ಒಪ್ಪಿಗೆ ಪಡೆದಿದ್ದೇನೆ. ಒಂದೇ ಷರತ್ತು, ಹೆಸರು ಹಾಕಬಾರದು. "ಹೆಸರು ಹಾಕಿದ್ರೆ ನಾಳೆ ಯಾವನಾದ್ರೂ ತಕರಾರು ಅರ್ಜಿ ಕೊಡ್ತಾನೆ ಕಣವ್ವ" ಎಂದರು. ಆದ್ದರಿಂದ ಇಲ್ಲಿ ಅವರು ಬರೀ ಚಿಕ್ಕಪ್ಪ.

ಈ ಭಾಷೆ ಅವರಿಗೆ ಅಂಟಿದ್ದು ನೌಕರಿಯಿಂದ. ಮೂವತ್ತು ಚಿಲ್ಲರೆ ವರ್ಷ ಕಡೂರು, ತರೀಕೆರೆ ಸೀಮೆಯಲ್ಲಿ ಗ್ರಾಮ ಲೆಕ್ಕಿಗರಾಗಿದ್ದವರು. ಪಹಣಿ, ಖಾತೆ, ಪೋಡಿ, ಮಹಜರು, ಒತ್ತುವರಿ ಇವುಗಳಲ್ಲೇ ಕೂದಲು ಬೆಳ್ಳಗಾಯಿತು. ತಹಶೀಲ್ದಾರರನ್ನು ಈಗಲೂ ಅಮಲ್ದಾರರೆಂದೇ ಕರೆಯುತ್ತಾರೆ. ಅಜ್ಜಂಪುರ ತಾಲ್ಲೂಕು ಕೇಂದ್ರವಾದಾಗ ಊರೆಲ್ಲ ಸಿಹಿ ಹಂಚಿದರೆ ಇವರೊಬ್ಬರು ಮುಖ ಊದಿಸಿಕೊಂಡು ಕುಳಿತರು. ತಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ತಾಲ್ಲೂಕು ಕಚೇರಿ ಬಂದಿದ್ದು ತಾವು ನಿವೃತ್ತರಾದ ಮೇಲಲ್ಲವೇ! "ಮೂವತ್ತು ವರ್ಷ ಬಸ್ಸಲ್ಲಿ ನೇತಾಡಿಸಿ ಈಗ ಮಾಡಿದ್ದಾರೆ ನೋಡು" ಎಂದು ಇವತ್ತಿಗೂ ಗೊಣಗುತ್ತಾರೆ.

ಆದರೆ ಅವರು ಸುತ್ತಮುತ್ತ ಹೆಸರಾಗಿದ್ದು ಲೆಕ್ಕಿಗತನದಿಂದಲ್ಲ, ನಾಲಿಗೆಯಿಂದ. ಅಂಥ ನಾಲಿಗೆಯನ್ನು ನಾನಂತೂ ಇನ್ನೊಂದು ಕಂಡಿಲ್ಲ. ಹುಳಿಯನ್ನು ಬಾಯಿಗಿಟ್ಟು, "ಬೇಳೆ ಸಿಂಗಟಗೆರೆ ಕಡೇದು, ನುಗ್ಗೆಕಾಯಿ ಮಾತ್ರ ಬೀರೂರಿನ ಸಂತೇದು, ಎರಡು ದಿನದ್ದು" ಎನ್ನುತ್ತಿದ್ದರು. ವಿಚಾರಿಸಿದರೆ ಹಾಗೇ ಇರುತ್ತಿತ್ತು! ಮದುವೆ ಮನೆಗಳಲ್ಲಿ ಇವರು ಪಂಕ್ತಿಯಲ್ಲಿ ಕುಳಿತರೆಂದರೆ ಅಡುಗೆಯವರು ಬಾಗಿಲ ಸಂದಿಯಿಂದ ಇವರ ಮುಖವನ್ನೇ ನೋಡುತ್ತಿದ್ದರು. ಹುಬ್ಬು ಮೇಲೇರಿದರೆ ಅವರ ಎದೆ ಕೆಳಗಿಳಿಯುತ್ತಿತ್ತು. ಆದರೆ ಕೆಲವು ವರ್ಷಗಳ ಹಿಂದೆ ಒಂದು ಕೆಟ್ಟ ಜ್ವರ ಬಂದು ಹೋದ ಮೇಲೆ ಇದ್ದಕ್ಕಿದ್ದಂತೆ ಈ ತೀರ್ಪು ಕೊಡುವುದನ್ನೆಲ್ಲ ನಿಲ್ಲಿಸಿಬಿಟ್ಟರು. ಕೇಳಿದರೆ, "ನಾಲಿಗೆನೂ ರಿಟೈರ್ಡ್ ಆಯ್ತು ಕಣ್ರೀ, ಪೆನ್ಷನ್ ಒಂದು ಮಂಜೂರಾಗ್ಲಿಲ್ಲ" ಎನ್ನುತ್ತಿದ್ದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅದೇ ಹೊತ್ತಿಗೆ ಅಡುಗೆಮನೆಯ ಉಸ್ತುವಾರಿಯನ್ನು ಚಿಕ್ಕಮ್ಮನಿಂದ ತಮ್ಮ ಕೈಗೆ ತೆಗೆದುಕೊಂಡರು. ಮಂಡಿನೋವಿನ ಚಿಕ್ಕಮ್ಮ ಸಂತೋಷವಾಗಿ ಬಿಟ್ಟುಕೊಟ್ಟರು. "ಖಾತೆ ಬದಲಾವಣೆ ಆಯ್ತು, ಮೂವತ್ತು ದಿನದೊಳಗೆ ಯಾರದ್ದೂ ತಕರಾರಿಲ್ಲ" ಎಂದು ಚಿಕ್ಕಪ್ಪ ಘೋಷಿಸಿದರು.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ನಾನು ಕಡೂರಿನಲ್ಲಿ ಮೇಷ್ಟ್ರಮ್ಮ. "ಮಕ್ಕಳೇ, ಹಸಿರು ತರಕಾರಿ ತಿನ್ನಬೇಕು" ಎಂದು ಊರವರ ಮಕ್ಕಳಿಗೆಲ್ಲ ಪಾಠ ಹೇಳುವವಳು. ನನ್ನ ಮಗಳು ಸಿರಿಗೆ ಐದು ವರ್ಷ. ಆ ಐದು ವರ್ಷದಲ್ಲಿ ಅವಳ ಬಾಯೊಳಗೆ ಬಿಳಿ ಬಣ್ಣ ಬಿಟ್ಟರೆ ಬೇರೆ ಬಣ್ಣ ಇಳಿದದ್ದಿಲ್ಲ! ಮೊಸರನ್ನ, ಇಡ್ಲಿ, ಹಾಲು. ಬಿಸ್ಕತ್ತು ಬಿಳಿಯಲ್ಲ ನಿಜ, ಆದರೆ ಹಾಲಲ್ಲಿ ಅದ್ದಿದ ಮೇಲೆ ಅದೂ ಬೆಳ್ಳಗಾದಂತೆಯೇ ಎಂಬುದು ಅವಳ ವಾದ. ನಾನು ಮಾಡದ ಉಪಾಯವಿಲ್ಲ. ಕ್ಯಾರೆಟ್ ತುರಿದು ದೋಸೆ ಹಿಟ್ಟಿಗೆ ಸೇರಿಸಿದೆ, ದೋಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಪತ್ತೆಹಚ್ಚಿದಳು. ಸೊಪ್ಪನ್ನು ರುಬ್ಬಿ ಚಪಾತಿಗೆ ಕಲಸಿದೆ, "ಅಮ್ಮ, ಚಪಾತಿಗೆ ಬೂಷ್ಟು ಬಂದಿದೆ" ಎಂದು ತಂದು ಕೊಟ್ಟಳು. ಕೊನೆಗೆ ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ ಕನ್ನಡಕ ತೆಗೆದಿಟ್ಟರು. "ಮಗುಗೆ ರಕ್ತ ತೀರಾ ಕಡಿಮೆ ಇದೆ ಕಣಮ್ಮ. ಔಷಧಿ ಕೊಡ್ತೀನಿ, ಆದ್ರೆ ಊಟ ಸರಿಯಾಗದೆ ಔಷಧಿ ಒಂದೇ ಏನೂ ಮಾಡಲ್ಲ. ಮಳೆಗಾಲ ಶುರುವಾದ ಮೇಲೆ ಇನ್ನೊಂದ್ಸಲ ನೋಡೋಣ" ಎಂದರು. ಅವತ್ತು ಮನೆಗೆ ಬಂದು ನಾನು ಅತ್ತಿದ್ದೇನೆ, ಸುಳ್ಳೇಕೆ ಹೇಳಲಿ. ಬೇಸಿಗೆ ರಜೆ ಬಂದ ಮಾರನೆಯ ದಿನವೇ ಮಗಳನ್ನು ಕರೆದುಕೊಂಡು ರೈಲು ಹತ್ತಿ ಬೀರೂರು ದಾಟಿ ಅಜ್ಜಂಪುರದಲ್ಲಿ ಇಳಿದೆ.

ಚಿಕ್ಕಪ್ಪನ ಮನೆಯ ಹಿತ್ತಲು ದೊಡ್ಡದು. ಅಲ್ಲಿ ಏನಿಲ್ಲ? ಸೌತೆ, ಬೆಂಡೆ, ಹಾಗಲ, ಕುಂಬಳ, ಎರಡು ತೆಂಗು, ಒಂದು ಸೀಬೆ, ಮೂಲೆಯಲ್ಲಿ ಕಟ್ಟಿದ ಒಂದು ಕರು. ನಾನು ಹೋದಾಗ ಹಿತ್ತಲಲ್ಲಿ ಕಚೇರಿ ನಡೆಯುತ್ತಿತ್ತು. ಹಳೇ ಮೇಜು, ಮೇಜಿನ ಮೇಲೆ ಉದ್ದನೆಯ ಪುಸ್ತಕ, ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡ ಚಿಕ್ಕಪ್ಪ. ಎದುರಿಗೆ ಚಾಪೆಯ ಮೇಲೆ ಮೂವರು ಮಕ್ಕಳು: ಪಕ್ಕದ ಬೀದಿಯಲ್ಲಿರುವ ಅವರ ಮಗಳ ಮಗ ಶಶಿ, ಆರು ವರ್ಷದವನು, ಮತ್ತೆ ಎದುರು ಮನೆಯ ಪುಟಾಣಿ ಅಕ್ಕ-ತಂಗಿ.

"ಏನಿದು ಚಿಕ್ಕಪ್ಪ?" ಎಂದೆ.

"ಮಹಜರು ಕಣವ್ವ. ಬೆಂಡೆಕಾಯಿ ಬಗ್ಗೆ. ಪಂಚರು ಅಂದ್ಮೇಲೆ ಐದು ಜನ ಬೇಕಲ್ಲ, ಒಬ್ರು ಕಮ್ಮಿ ಇದ್ರು. ನಿನ್ನ ಮಗಳು ಬಂದಿದ್ದು ಒಳ್ಳೇದಾಯ್ತು."

ನಾನು ಎಣಿಸಿದೆ. ಸಿರಿ ಸೇರಿದರೂ ನಾಲ್ಕೇ ಆಗುತ್ತಿತ್ತು. ಚಿಕ್ಕಪ್ಪ ಮೂಲೆಯತ್ತ ತಿರುಗಿ, "ಐದನೇ ಸಾಕ್ಷಿ!" ಎಂದು ಕೂಗಿದರು. ಕರು "ಅಂಬಾ" ಎಂದಿತು. ಪಂಚರಲ್ಲೆಲ್ಲ ಅದೊಂದಕ್ಕೆ ಮಾತ್ರ ಯಾವತ್ತೂ ಯಾವ ತರಕಾರಿಯ ಮೇಲೂ ಆಕ್ಷೇಪಣೆ ಇರಲಿಲ್ಲ.

ಪದ್ಧತಿ ಹೀಗೆ. ಮೊದಲು ಸ್ಥಳ ಪರಿಶೀಲನೆ: ಮಕ್ಕಳೇ ಗಿಡದ ಹತ್ತಿರ ಹೋಗಿ ಸುತ್ತ ಏನೇನಿದೆ ನೋಡಿ ಬಂದು ಚಕ್ಕುಬಂದಿ ಹೇಳಬೇಕು. ಆಮೇಲೆ ಕಿತ್ತು, ತೊಳೆದು, ಸಿದ್ಧ ಮಾಡಬೇಕು. ಬೆಂಡೆಕಾಯಿಯ ತುದಿಯನ್ನು ಹೆಬ್ಬೆರಳಿನಿಂದ ಲಟಕ್ಕನೆ ಮುರಿಯಬೇಕು, ಮುರಿಯದೆ ಬಾಗಿದರೆ ಬಲಿತದ್ದು, ಅದು ಕರುವಿನ ಪಾಲು. ಹುರುಳಿಕಾಯಿಯ ನಾರು ಎಳೆಯುವುದು, ಸೌತೆಕಾಯಿಯ ತೊಟ್ಟು ಕೊಯ್ದು ನೊರೆ ಬರುವ ತನಕ ಉಜ್ಜುವುದು, ಕೊತ್ತಂಬರಿ ಬಿಡಿಸುವುದು, ಎಲ್ಲ ಪಂಚರ ಕೆಲಸ. ಈಳಿಗೆಮಣೆ ಮಾತ್ರ ಚಿಕ್ಕಪ್ಪನದು. ಕೊನೆಗೆ ಹೆಚ್ಚಿದ ಹೋಳನ್ನು ಬಾಯಿಗೆ ಹಾಕಿಕೊಂಡು ಒಬ್ಬೊಬ್ಬರಾಗಿ ಹೇಳಿಕೆ ಕೊಡಬೇಕು.

"ಹೆಂಗಿತ್ತೋ ಶಶಿ?"

"ಚೆನ್ನಾಗಿತ್ತು ತಾತ."

"ಚೆನ್ನಾಗಿತ್ತು ಅನ್ನೋದು ಸಾಕ್ಷಿ ಅಲ್ಲ ಕಣೋ, ಬರೀ ಅಭಿಪ್ರಾಯ. ವಜಾ! ಬಾಯೊಳಗೆ ಏನೇನಾಯ್ತು, ಅದು ಹೇಳು."

ಶಶಿ ಕಣ್ಣು ಮೇಲೆ ಮಾಡಿ ಯೋಚಿಸಿ, "ಮೊದ್ಲು ಕರಕ್ ಅಂತು. ಆಮೇಲೆ ಲೋಳೆ ಬಂತು. ಬೀಜ ನಾಲಿಗೆ ಮೇಲೆ ಓಡಾಡಿದ್ವು" ಎಂದ. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. ಕೇಳುವಾಗ ಅವರ ಬಾಯಿಯೂ ಮೆಲ್ಲಗೆ ಆಡುತ್ತಿತ್ತು, ತಾವೇ ಅಗಿಯುತ್ತಿದ್ದಾರೇನೋ ಎಂಬಂತೆ. ನಾನು ಸೆರಗು ಬಾಯಿಗಿಟ್ಟುಕೊಂಡು ನಗು ತಡೆದೆ. "ನೀವೂ ಒಂದು ಹೋಳು ತಿನ್ನಿ ಚಿಕ್ಕಪ್ಪ" ಎಂದರೆ, "ಛೇ ಛೇ! ಮಹಜರು ಬರೆಯೋನು ಸಾಕ್ಷಿ ಆಗೋ ಹಂಗಿಲ್ಲ. ಕಾನೂನು ಕಣವ್ವ" ಎಂದರು.

ಸಿರಿಯ ಸರದಿ ಬಂದಾಗ ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ತಿನ್ನು ಪುಟ್ಟಾ, ಜಾಣೆ" ಎಂದು ನಾನು ಬಾಯಿ ಹಾಕುವಷ್ಟರಲ್ಲಿ ಚಿಕ್ಕಪ್ಪ ಪೆನ್ನೆತ್ತಿ ನನ್ನನ್ನು ತಡೆದರು. "ಸಾಕ್ಷಿ ಮೇಲೆ ಒತ್ತಡ ತರಬಾರ್ದು." ಆಮೇಲೆ ಗಟ್ಟಿಯಾಗಿ ಓದುತ್ತ ಬರೆದುಕೊಂಡರು: "ನಾಲ್ಕನೇ ಸಾಕ್ಷಿಯವರು ಸದರಿ ಬೆಂಡೆಕಾಯಿಯನ್ನು ಖುದ್ದಾಗಿ ನೋಡಿದ್ದು, ಬಾಯಿ ತೆರೆಯಲು ನಿರಾಕರಿಸಿರುತ್ತಾರೆ." ತನ್ನ ಹಟಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ಸಿರಿ ಜನ್ಮದಲ್ಲಿ ಕಂಡಿರಲಿಲ್ಲ. ಬಾಯಿಂದ ಕೈ ತೆಗೆದು ಪುಸ್ತಕದೊಳಗೆ ಇಣುಕಿದಳು.

"ಇಲ್ಲಿ ಹೆಬ್ಬೆಟ್ಟು ಒತ್ತು" ಎಂದರು ಚಿಕ್ಕಪ್ಪ. ಇಂಕ್ ಪ್ಯಾಡಿನ ಮಸಿ ಮಕ್ಕಳ ಬಾಯಿಗೆ ಹೋದೀತೆಂದು ಅವರು ಇಟ್ಟುಕೊಂಡಿದ್ದು ಅರ್ಧ ಕೊಯ್ದ ಬೀಟ್‌ರೂಟ್. ಸಿರಿ ಗಂಭೀರವಾಗಿ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಯಾರೂ ನೋಡುತ್ತಿಲ್ಲವೆಂದುಕೊಂಡು ಆ ಕೆಂಪು ಬೆರಳನ್ನು ಬಾಯಿಗಿಟ್ಟು ಚೀಪಿದಳು! ಐದು ವರ್ಷದಲ್ಲಿ ಮೊದಲ ಸಲ ಒಂದು ಬಣ್ಣ ಅವಳ ಬಾಯೊಳಗೆ ಹೋಯಿತು. ನಾನು ಕಿರುಚಿಕೊಳ್ಳದಂತೆ ಚಿಕ್ಕಮ್ಮ ನನ್ನ ರಟ್ಟೆ ಹಿಡಿದುಕೊಂಡರು.

ಮಾರನೆಯ ದಿನ ಸಿರಿಯೇ ಒಂದು ಒಪ್ಪಂದಕ್ಕೆ ಬಂದಳು. "ನಾನು ರುಚಿ ಹೇಳಲ್ಲ ತಾತ. ಶಬ್ದ ಮಾತ್ರ ಹೇಳ್ತೀನಿ." ಚಿಕ್ಕಪ್ಪ ಗಲ್ಲ ತುರಿಸಿಕೊಂಡು, ಶಬ್ದಕ್ಕೆ ಪ್ರತ್ಯೇಕ ಕಲಂ ಎಳೆದರು. ಅವಳು ಸೌತೆಕಾಯಿಯ ಹೋಳನ್ನು ಕಚ್ಚಿದಳು, "ಕಟಕ್" ಎಂದು ವರದಿ ಮಾಡಿದಳು, ಉಗಿದಳು. ಉಗಿದದ್ದನ್ನು ಐದನೇ ಸಾಕ್ಷಿ ವಿಲೇವಾರಿ ಮಾಡಿತು. ಮೂರನೆಯ ಹೋಳು ಕಚ್ಚಿದಾಗ ಉಗಿಯುವುದು ಮರೆತುಹೋಯಿತು.

ಇದೆಲ್ಲ ನಡೆಯುವುದು ಚಿಕ್ಕಮ್ಮ ಲಿಂಗಪೂಜೆಗೆ ಕೂರುವ ಹೊತ್ತಿನಲ್ಲಿ. ವಿಭೂತಿ ಹಚ್ಚಿಕೊಂಡು ಹಿತ್ತಲ ಬಾಗಿಲಿಗೆ ಬಂದು ಅವರು ದಿನವೂ ಕೂಗುತ್ತಿದ್ದರು. "ಪೂಜೆ ಆಗಿಲ್ಲ, ಎಡೆ ಹಿಡಿದಿಲ್ಲ, ಆಗ್ಲೇ ಮಕ್ಕಳ ಬಾಯಿಗಿಡ್ತೀರಲ್ರೀ!"

"ಮಕ್ಕಳು ತಿಂತಿಲ್ಲ ಕಣೇ," ಎನ್ನುತ್ತಿದ್ದರು ಚಿಕ್ಕಪ್ಪ, "ಹೇಳಿಕೆ ಕೊಡ್ತಾವ್ರೆ."

ಇನ್ನು ಕುಂಬಳದ ಪ್ರಕರಣ. ಇದರಲ್ಲಿ ಅರ್ಧ ಬೀದಿಯೇ ಸಿಕ್ಕಿಹಾಕಿಕೊಂಡಿತು. ನಮ್ಮ ಹಿತ್ತಲ ಕುಂಬಳದ ಬಳ್ಳಿ ಬೇಲಿ ದಾಟಿ ಹಿಂದಿನವರ ಖಾಲಿ ಹೊಲಕ್ಕೆ ಹರಿದು ಅಲ್ಲಿ ಕಾಯಿ ಬಿಟ್ಟಿತ್ತು. ಬಳ್ಳಿ ಎಷ್ಟು ಉದ್ದ ಒತ್ತುವರಿ ಮಾಡಿದೆ ಎಂದು ಅಳೆಯದೆ ಕಾಯಿ ಕೀಳುವುದುಂಟೇ? ಚಿಕ್ಕಪ್ಪ ಅಟ್ಟದಿಂದ ಹಳೇ ಅಳತೆ ಟೇಪು ಇಳಿಸಿದರು. ಒಂದು ತುದಿ ಶಶಿ, ಇನ್ನೊಂದು ತುದಿ ಸಿರಿ, ನಡುವೆ ಅಕ್ಕ-ತಂಗಿಯರು ಗೂಟ ಹಿಡಿದು ಹೊರಟರು. ತಲೆಗೆ ಟವಲು ಸುತ್ತಿ, ಬಗಲಲ್ಲಿ ಪುಸ್ತಕ ಇಟ್ಟುಕೊಂಡು ಚಿಕ್ಕಪ್ಪ "ಬಿಡು, ಎಳಿ, ನಿಲ್ಲು" ಎಂದು ಹೊಲದ ತುಂಬ ಕೂಗುತ್ತ ನಡೆದರು.

ಹೊಸ ತಾಲ್ಲೂಕು, ಹಳೇ ಲೆಕ್ಕಿಗರು, ಕೈಯಲ್ಲಿ ಟೇಪು. ಜನ ಏನೆಂದುಕೊಂಡಾರು? ಕಾಲು ಗಂಟೆಯಲ್ಲಿ ಏಳೆಂಟು ಜನ ಪಹಣಿ ಚೀಟಿ, ಹಳೇ ನಕ್ಷೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕ್ರಯಪತ್ರ ಹಿಡಿದು ಬದುವಿನ ಮೇಲೆ ಓಡಿ ಬಂದರು.

"ಸಾ, ಸರ್ವೆ ಅಂತ ಮುಂಚೇನೇ ಒಂದ್ಮಾತು ಹೇಳ್ಬಾರ್ದಾ?"

"ನಮ್ದು ಮೂರು ಅಡಿ ಆ ಕಡೆ ಹೋಗೈತೆ ಸಾ, ನಮ್ಮಪ್ಪನ ಕಾಲದಿಂದ್ಲೂ ಹೇಳ್ತಾ ಬಂದಿದೀವಿ!"

"ಲೇ, ಯಾರ್ದೋ ಮೂರು ಅಡಿ? ಆ ಕಲ್ಲು ಕಿತ್ತಿಟ್ಟೋನು ನೀನೇ ತಾನೆ?"

ಚಿಕ್ಕಪ್ಪ ಎರಡೂ ಕೈ ಎತ್ತಿ, "ಏನಪ್ಪಾ, ನಾನು ಕುಂಬಳಕಾಯಿ ಅಳೀತಿದೀನಿ ಕಣ್ರಪ್ಪಾ!" ಎಂದರು. ಯಾರೂ ನಂಬಲಿಲ್ಲ. ಸರ್ಕಾರದವರು ನಿಜ ಹೇಳುತ್ತಾರೆಯೇ? ಅವರಲ್ಲೊಬ್ಬ ಜಾಣ ನೇರವಾಗಿ ಟೇಪು ಹಿಡಿದ ಸಿರಿಯ ಹತ್ತಿರ ಹೋಗಿ, "ಪಾಪು, ಟೇಪು ಚೂರು ಈ ಕಡೆಗೆ ಹಿಡಿ" ಎಂದು ಒಂದು ದಪ್ಪ ಕಲ್ಲಂಗಡಿ ಹಣ್ಣನ್ನು ಅವಳ ಕಾಲ ಹತ್ತಿರ ಇಟ್ಟ. ನೌಕರಿಯುದ್ದಕ್ಕೂ ಯಾರ ಮನೆಯ ಒಂದು ಬಾಳೆಹಣ್ಣನ್ನೂ ಮುಟ್ಟದ ಮನುಷ್ಯನ ಕಣ್ಣೆದುರಿಗೇ ನನ್ನ ಮಗಳು ಐದನೇ ವಯಸ್ಸಿಗೆ ಲಂಚ ಪಡೆದಳು! ಚಿಕ್ಕಪ್ಪ "ವಾಪಸ್ ತಗೊಂಡು ಹೋಗಪ್ಪಾ" ಎನ್ನುವಷ್ಟರಲ್ಲಿ ಶಶಿ ಅದನ್ನು ಬದುವಿನ ಕಲ್ಲಿಗೆ ಕುಕ್ಕಿ ಒಡೆದಾಗಿತ್ತು. ನಾಲ್ಕು ಮಕ್ಕಳ ಗಲ್ಲದಿಂದ ಮೊಣಕೈವರೆಗೆ ಕೆಂಪು ರಸ ಇಳಿಯಿತು. ಸಿರಿ ಬೀಜ ಉಗಿಯುತ್ತ, "ತಾತ, ಇದು ನೀರಾ, ಹಣ್ಣಾ? ಕಚ್ಚಿದ್ರೆ ಮಾಯ ಆಗುತ್ತೆ" ಎಂದಳು. ಚಿಕ್ಕಪ್ಪ ಬೈಯುವುದನ್ನು ನಿಲ್ಲಿಸಿ, ಬದುವಿನ ಮೇಲೆ ಕುಳಿತು ಕಣ್ಣು ಮುಚ್ಚಿಕೊಂಡರು. "ಇನ್ನೊಂದ್ಸಲ ಹೇಳು ಕಂದ" ಎಂದರು.

ಹೀಗೆ ತಿಂಗಳು ಕಳೆಯಿತು. ಬೀಟ್‌ರೂಟ್ ಆಯಿತು, ಸೀಬೆ ಆಯಿತು, ಕ್ಯಾರೆಟ್ ಆಯಿತು, ಹಸಿ ಬಟಾಣಿಯಂತೂ ಮಹಜರಿಗೆ ಮೊದಲೇ ಮಾಯವಾಯಿತು. ಹುಳಿಗೆ ಉಪ್ಪು ಹಾಕಿದ ಮೇಲೆ ಸಟ್ಟುಗದ ತುದಿಯಲ್ಲಿ ನಾಲ್ಕು ಹನಿ ಸಿರಿಯ ಅಂಗೈಗೆ ಹಾಕಿ, "ಉಪ್ಪು ಹದ್ದಿನೊಳಗೈತಾ, ದಾಟೈತಾ?" ಎಂದು ಕೇಳುವುದು ರೂಢಿಯಾಯಿತು. "ಇನ್ನೂ ಒಂದು ಚಿಟಿಕೆ ಬೇಕು ತಾತ" ಎಂದು ಅವಳು ಅಪ್ಪಣೆ ಕೊಟ್ಟ ಮೇಲೆಯೇ ಒಲೆ ಆರುತ್ತಿತ್ತು. ಒಂದು ಭಾನುವಾರ ಮಾತ್ರ ಮಕ್ಕಳೆಲ್ಲ ಶಶಿಯ ಅಮ್ಮನ ಜೊತೆ ತರೀಕೆರೆಗೆ ಮದುವೆಗೆ ಹೋಗಿದ್ದರು. ಅವತ್ತು ಚಿಕ್ಕಪ್ಪ ಒಬ್ಬರೇ ಅಡುಗೆ ಮಾಡಿದರು. ಮೊದಲ ತುತ್ತಿಗೇ ನನ್ನ ಕಣ್ಣಲ್ಲಿ ನೀರು ಬಂತು. ಹುಳಿಗೆ ಮೂರು ಸಲ ಉಪ್ಪು ಬಿದ್ದಿತ್ತು! "ಚಿಕ್ಕಪ್ಪ, ಪಂಚರು ರಜೆ ಹಾಕಿದ ದಿನ ಉಪ್ಪು ಒತ್ತುವರಿ ಮಾಡಿಬಿಟ್ಟಿದೆಯಲ್ಲ!" ಎಂದು ನಾನು ದೊಡ್ಡ ತಮಾಷೆ ಮಾಡಿದೆನೆಂದು ನಕ್ಕೆ. ಯಾರೂ ನಗಲಿಲ್ಲ. ಗಾಳಿ ಬೀಸಿದ್ದಕ್ಕೂ ದೂರು ಹೇಳುವ ಚಿಕ್ಕಮ್ಮ ಅವತ್ತು ತಲೆ ತಗ್ಗಿಸಿ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಸುಮ್ಮನೆ ಉಂಡರು. ಚಿಕ್ಕಪ್ಪ ಅವರ ತಟ್ಟೆಯನ್ನೇ ನೋಡುತ್ತಿದ್ದರು. ಗಂಡ ಹೆಂಡತಿ ಜಗಳವಾಡಿಕೊಂಡಿರಬೇಕು ಎಂದುಕೊಂಡೆ.

ರಜೆ ಮುಗಿಯಲು ಇನ್ನು ಎರಡು ದಿನವಿತ್ತು. ಆವತ್ತು ಹಾಗಲಕಾಯಿಯ ಮಹಜರು. ಚಿಕ್ಕಪ್ಪ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದರು, ಮಕ್ಕಳು ಬೀಜ ತೆಗೆದರು, ಉಪ್ಪು ಹಚ್ಚಿ ಹಿಂಡಿದರು. ಹೇಳಿಕೆ ಎನ್ನುತ್ತಲೇ ಶಶಿಗೆ ಹೊಟ್ಟೆನೋವು ಬಂತು. ಅಕ್ಕ-ತಂಗಿಗೆ ಅವರಮ್ಮ ಕರೆದಂತೆ ಕೇಳಿಸಿತು. ಐದನೇ ಸಾಕ್ಷಿಯೂ ಮೂಸಿ ನೋಡಿ ಮುಖ ತಿರುಗಿಸಿತು, ಇತಿಹಾಸದಲ್ಲೇ ಮೊದಲ ಬಾರಿಗೆ! ಚಾಪೆಯ ಮೇಲೆ ಉಳಿದವಳು ಸಿರಿ ಒಬ್ಬಳೇ. ಅವಳು ಒಂದು ಹಸಿ ಬಿಲ್ಲೆ ಎತ್ತಿಕೊಂಡಳು. ಬಾಯಿಗೆ ಹಾಕಿದಳು. ಕಣ್ಣು ಚಿಕ್ಕದಾಯಿತು, ಮೂಗು ಸುಕ್ಕುಗಟ್ಟಿತು, ಭುಜ ಕಿವಿಯವರೆಗೆ ಏರಿತು. ಉಗಿಯಲಿಲ್ಲ.

"ಮೊದ್ಲು ಏನೂ ಇಲ್ಲ ತಾತ. ಆಮೇಲೆ ಕಹಿ ಬಂತು. ಕಿವಿ ತನಕ ಬಂತು. ಈಗ ಹೋಯ್ತು. ಇಲ್ಲ ಇಲ್ಲ, ಗಂಟಲಲ್ಲಿ ಕೂತಿದೆ." ಚಾಪೆಯ ಪಕ್ಕದಲ್ಲಿದ್ದ ಮಜ್ಜಿಗೆ ಲೋಟ ಎತ್ತಿ ಗುಟುಕರಿಸಿದಳು. "ಅಯ್ಯೋ ತಾತ! ಮಜ್ಜಿಗೆ ಸಿಹಿ!"

ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡೇ ತಲೆ ಆಡಿಸಿದರು. "ಹೂಂ ಕಂದ. ಹಾಗಲಕಾಯಿ ಆದ್ಮೇಲೆ ಮಜ್ಜಿಗೆ ಸಿಹಿ. ಹಂಗೇ ಆಗ್ತಿತ್ತು."

ನಾನು ಕುಣಿಯುವುದೊಂದು ಬಾಕಿ. ಬಿಳಿ ಬಿಟ್ಟು ಬೇರೇನೂ ಮುಟ್ಟದವಳು ಹಸಿ ಹಾಗಲಕಾಯಿ ತಿಂದಿದ್ದಾಳೆ! ನಲ್ಲಿಯ ಹತ್ತಿರ ಅವಳ ಕೈ ತೊಳೆಸುತ್ತ ಕೇಳಿದೆ. "ಹಾಗಲಕಾಯಿ ಇಷ್ಟ ಆಯ್ತಾ ಬಂಗಾರಿ?"

"ಥೂ! ಇಲ್ಲ."

"ಮತ್ತೆ ಯಾಕೆ ತಿಂದೆ?"

ಅವಳು ನನ್ನನ್ನು ಒಂದೂ ತಿಳಿಯದವಳನ್ನು ನೋಡುವಂತೆ ನೋಡಿದಳು. "ನಾನು ತಿಂದು ಹೇಳ್ದೇ ಇದ್ರೆ ತಾತಂಗೆ ಹೆಂಗೆ ಗೊತ್ತಾಗುತ್ತೆ? ತಾತನ ನಾಲಿಗೆಗೆ ಏನೂ ಬರಲ್ಲ ಅಮ್ಮ. ಶಶಿ ತಾತನ ಮಜ್ಜಿಗೆಗೆ ಸಕ್ಕರೆ ಹಾಕಿದ್ದ, ತಾತ ಸುಮ್ನೆ ಕುಡಿದ್ರು. ಇನ್ನೊಂದಿನ ಬೇವಿನ ಎಲೆ ಕೊಟ್ವಿ, ಅದನ್ನೂ ತಿಂದ್ರು. ನಾನು ಕೇಳ್ದೆ. ಜ್ವರ ಬಂದು ಎತ್ಕೊಂಡು ಹೋಯ್ತು ಅಂದ್ರು. ಅದಕ್ಕೇ ನಾನು ತಿಂತೀನಿ."

ನಲ್ಲಿಯ ನೀರು ಹರಿಯುತ್ತಲೇ ಇತ್ತು. ನಾನು ನಿಲ್ಲಿಸುವುದನ್ನು ಮರೆತಿದ್ದೆ.

ಮಧ್ಯಾಹ್ನ ಚಿಕ್ಕಪ್ಪ ಮಲಗಿದ್ದಾಗ ಆ ಉದ್ದನೆಯ ಪುಸ್ತಕವನ್ನು ತೆಗೆದೆ. ಮಕ್ಕಳ ಕೆಂಪು ಹೆಬ್ಬೆಟ್ಟಿನ ಪುಟಗಳನ್ನು ದಾಟಿ ಹಿಂದಕ್ಕೆ ಹೋದೆ. ಮೊದಲ ಕೆಲವು ಪುಟಗಳಲ್ಲಿ ಹೆಬ್ಬೆಟ್ಟಿರಲಿಲ್ಲ. ಚಿಕ್ಕಪ್ಪನ ಮುತ್ತಿನಂಥ ಅಕ್ಷರ ಮಾತ್ರ ಇತ್ತು, ಪಂಚರ ಜಾಗದಲ್ಲಿ ಅವರೊಬ್ಬರದೇ ಸಹಿ. "ಸೌತೆಕಾಯಿ: ಏನೂ ತಿಳಿಯಲಿಲ್ಲ. ಮಾವಿನಹಣ್ಣು: ಏನೂ ತಿಳಿಯಲಿಲ್ಲ. ಹಸಿಮೆಣಸಿನಕಾಯಿ: ಉರಿ ಮಾತ್ರ." ದಿನಗಟ್ಟಲೆ ಹೀಗೇ ಇತ್ತು. ಕೊನೆಯ ಸಾಲು ಓದಿ ಪುಸ್ತಕ ಮುಚ್ಚಿಬಿಟ್ಟೆ. "ಇವಳು ಮಾಡಿದ ನುಗ್ಗೆಕಾಯಿ ಹುಳಿ: ಏನೂ ತಿಳಿಯಲಿಲ್ಲ. ಚೆನ್ನಾಗಿದೆ ಎಂದೆ."

ನನಗೆ ನನ್ನ ಮೇಲೇ ಅಸಹ್ಯವಾಯಿತು. ಅವರು ನಮಗೆಲ್ಲ ಹೇಳಿಯೇ ಇದ್ದರಲ್ಲ, ನಾಲಿಗೆ ರಿಟೈರ್ಡ್ ಆಯಿತೆಂದು! ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಕೂತು ಕೇಳಿದವಳು ಐದು ವರ್ಷದ ಹುಡುಗಿ. ಪುಸ್ತಕವನ್ನು ಇದ್ದ ಜಾಗದಲ್ಲೇ ಇಟ್ಟೆ. ರಜೆ ಮುಗಿಸಿ ಊರಿಗೆ ಬಂದುಬಿಟ್ಟೆ.

ಮಳೆ ಶುರುವಾದ ಮೇಲೆ ಡಾಕ್ಟರು ಮತ್ತೆ ರಕ್ತ ನೋಡಿದರು. ಈ ಸಲ ಕನ್ನಡಕ ತೆಗೆದಿಡಲಿಲ್ಲ, ನಕ್ಕರು. ಅದೇ ಭಾನುವಾರ ತಾಯಿ ಮಗಳು ಕೊನೆಯ ಫಸಲಿನ ನಾಲ್ಕು ಮಾವಿನಹಣ್ಣು ಹಿಡಿದು ಅಜ್ಜಂಪುರಕ್ಕೆ ಹೋದೆವು. ಚಿಕ್ಕಪ್ಪ ರಕ್ತ ಪರೀಕ್ಷೆಯ ಚೀಟಿಯನ್ನು ಮೇಲಿಂದ ಕೆಳಗೆ ಓದಿ, "ಖಾತೆ ಸರಿಹೋಯ್ತು, ಇನ್ನು ತಕರಾರಿಲ್ಲ" ಎಂದು ಸಿರಿಯನ್ನು ಎತ್ತಿ ಮೇಜಿನ ಮೇಲೆ ಕೂರಿಸಿದರು. ಹಣ್ಣು ಹೆಚ್ಚಿ ಎಲ್ಲರಿಗೂ ಕೊಟ್ಟರು. ಪುಸ್ತಕ ಬಿಡಿಸಿ ಸಿರಿಯ ಕಡೆ ನೋಡಿದರು.

"ಚಿಕ್ಕಪ್ಪ, ಇವತ್ತು ನನ್ನ ಹೇಳಿಕೆ ಬರ್ಕೊಳ್ಳಿ" ಎಂದೆ.

ಅವರ ಪೆನ್ನು ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ಸಿರಿಯ ಮುಖ ನೋಡಿದರು. ಅವಳು ಕಾಲು ಆಡಿಸುತ್ತ ವಾಟೆ ಚೀಪುತ್ತಿದ್ದಳು. ನಾನು ಒಂದು ಹೋಳು ಬಾಯಿಗಿಟ್ಟುಕೊಂಡೆ. "ಚೆನ್ನಾಗಿ..." ಎಂದು ಶುರು ಮಾಡಿ ನುಂಗಿಕೊಂಡೆ. ನಾಲ್ಕು ಜನರಿಗೆ ಪಾಠ ಹೇಳುವ ನನಗೆ ಒಂದು ಮಾವಿನಹಣ್ಣಿನ ರುಚಿ ಹೇಳಲು ಬರಲಿಲ್ಲ, ಇನ್ನೊಂದು ಹೋಳಿಗೆ ಕೈ ಹಾಕಿದೆ.

ಆಗ ಅಡುಗೆಮನೆಯ ಬಾಗಿಲಿನಿಂದ ಚಿಕ್ಕಮ್ಮ ಮಂಡಿ ಹಿಡಿದುಕೊಂಡು ನಿಧಾನವಾಗಿ ಬಂದರು. ಗಂಡನ ಪಕ್ಕದ ಕುರ್ಚಿ ಎಳೆದು ಕುಳಿತರು. ತಟ್ಟೆಯಿಂದ ಒಂದು ಹೋಳು ತೆಗೆದುಕೊಂಡರು.

"ಅವಳ್ದು ಆಮೇಲೆ. ಮೊದ್ಲು ನಂದು ಬರ್ಕೊಳ್ಳಿ. ಇಷ್ಟು ವರ್ಷ ನಿಮ್ಮ ಕೈಲಿ ಉಂಡೋಳಿಗೆ, ನಿಮಗೆ ಉಣಿಸಿದೋಳಿಗೆ, ಗೊತ್ತಾಗಲ್ವೇನ್ರೀ? ನೀವು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ" ಎಂದರು. ಆಮೇಲೆ ಹಣ್ಣು ಬಾಯಿಗಿಟ್ಟು, ಎಷ್ಟೋ ಹೊತ್ತು ಸವಿದು, ಒಂದೊಂದಾಗಿ ಹೇಳತೊಡಗಿದರು. "ಮೊದ್ಲು ಸಿಪ್ಪೆ ಹತ್ರ ಚೂರು ಒಗರು. ಆಮೇಲೆ ಸಿಹಿ, ಬೆಲ್ಲದ್ದಲ್ಲ, ಜೇನುತುಪ್ಪದ್ದು. ನಡುವೆ ಒಂದೆಳೆ ಹುಳಿ. ನಮ್ಮ ಮದುವೆ ಆದ ವರ್ಷ ನಿಮ್ಮವ್ವ ಹುಲ್ಲಲ್ಲಿ ಹಣ್ಣಾಕಿ ಇಟ್ಟಿದ್ರಲ್ಲ, ಆ ಹಣ್ಣು ಜ್ಞಾಪಕ ಮಾಡ್ಕೊಳ್ಳಿ. ಅದೇ ಇದು."

ಚಿಕ್ಕಪ್ಪ ಪೆನ್ನು ಕೆಳಗಿಟ್ಟು ಕಣ್ಣು ಮುಚ್ಚಿಕೊಂಡರು. ಅವರ ಬಾಯಿ ಮೆಲ್ಲಗೆ ಆಡುತ್ತಿತ್ತು. ಸಿರಿ ಮೇಜಿನಿಂದ ಇಳಿದು ಅರ್ಧ ಬೀಟ್‌ರೂಟ್ ತಂದು ಚಿಕ್ಕಮ್ಮನ ಮುಂದೆ ಹಿಡಿದಳು.

"ಹೆಬ್ಬೆಟ್ಟು ಒತ್ತಿ ಅಜ್ಜಿ."